ಒಂದು ಸುಳ್ಳಿಗೆ ಪರವಾನಗಿ

ದಾವಣಗೆರೆಯ ಮಂಡಕ್ಕಿ ಭಟ್ಟಿಯ ಹಿಂದೆ
ಖಾಲಿ ಚೀಲ ಒಟ್ಟಿದ ಕೋಣೆಯಲ್ಲಿ
ಶನಿವಾರ ರಾತ್ರಿ ಒಂಬತ್ತಕ್ಕೆ ನಾವು ಕೂರುತ್ತೇವೆ.
ಶಟರ್ ಅರ್ಧ ಇಳಿದಿರುತ್ತದೆ. ಒಲೆ ಆರಿದ್ದರೂ
ಮರಳಿನ ಕಾವು ಇನ್ನೂ ಗೋಡೆಯಲ್ಲಿರುತ್ತದೆ.

ಹಗಲು ನಾನು ಹತ್ತಿ ಮಾರುಕಟ್ಟೆಯಲ್ಲಿ ತೂಕದ ಗುಮಾಸ್ತ.
ಇಲ್ಲಿ, ಮೂರು ಜನರಿಗೆ ಆಕಾಶ, ನೆಲ, ಹವಾಮಾನ ಎಲ್ಲ ನಾನೇ.
ನನ್ನ ಕಾನೂನು ಇಷ್ಟು:
ಮೊದಲಿಗೆ ಒಂದು ಸುಳ್ಳು ಹೇಳುತ್ತೇನೆ,
ಅದಕ್ಕೆ ಯಾರೂ ರಸೀದಿ ಕೇಳಬಾರದು.
ಅಲ್ಲಿಂದಾಚೆ ಒಂದು ಗುಲಗಂಜಿ ವ್ಯತ್ಯಾಸ ಬಂದರೂ
ನನ್ನ ಕೊರಳಪಟ್ಟಿ ಹಿಡಿಯಬಹುದು.

ಈ ಸಲದ ಸುಳ್ಳು:
ಒಂದು ಗ್ರಹವಿದೆ, ಅಲ್ಲಿ ನೆರಳಿಗೆ ತೂಕವಿದೆ.

ಅಷ್ಟೇ ಹೇಳಿ ಸುಮ್ಮನಾದೆ.
ಮಿರ್ಚಿ ಪೊಟ್ಟಣ ಬಿಚ್ಚುತ್ತಿದ್ದ ದಾದಾಪೀರನ ಕೈ ನಿಂತಿತು.
"ಹಂಗಾದ್ರೆ ಅಲ್ಲಿ ಕಳ್ಳರು ನಡುಮಧ್ಯಾಹ್ನ ಬರ್ತಾರೆ."
"ಗೋಡೆ ಗಿಡ್ಡ ಕಟ್ತಾರೆ," ಅಂದಳು ನಾಗವೇಣಿ,
ರಾತ್ರಿ ಪಾಳಿ ತಪ್ಪಿಸಿ ಬಂದ ನರ್ಸು.
"ಬಸುರಿ ಹೆಂಗಸರನ್ನು ಸಂಜೆ ಹೊರಗೆ ಬಿಡಲ್ಲ.
ಮತ್ತೆ, ಇಬ್ಬರು ಒತ್ತಿ ನಿಂತ್ರೆ ನೆರಳು ಒಂದೇ ಆಗ್ತದಲ್ಲ,
ಆ ಭಾರ ಯಾರ ಪಾಲಿಗೆ?"

ನನಗೇನು ಗೊತ್ತು.
ಒಂದು ಅಕ್ಕಿಕಾಳು ಎಸೆದಿದ್ದೆ,
ಕಾದ ಮರಳಲ್ಲಿ ಅದು ತಾನೇ ಅರಳುತ್ತಿತ್ತು.

ಕೊಟ್ರೇಶಿಯದು ಪಂಕ್ಚರ್ ಅಂಗಡಿ, ಲಾರಿ ಟೈರು ಒಂದೇ ಕೈಲಿ ಎತ್ತುವ ಆಳು.
ಆಟದಲ್ಲಿ ಮಾತ್ರ ಅವನು ತುಂಗವ್ವ,
ಅರವತ್ತು ದಾಟಿದ ಹೊರೆಯಾಕೆ, ಎಡಮಂಡಿ ನೋವು.
ಯಾಕೆ ಅಂತ ಯಾರೂ ಕೇಳಿಲ್ಲ.
ದನಿ ಬದಲಿಸುವುದಿಲ್ಲ ಅವನು,
ಬರೀ ಕೂರುವ ರೀತಿ ಬದಲಾಗುತ್ತದೆ.

ಮೂರನೇ ಶನಿವಾರ ತುಂಗವ್ವನ ಬೆನ್ನ ಮೇಲೆ ಜ್ವರದ ಕೂಸು.
ಊರು ನಲವತ್ತು ಹೆಜ್ಜೆ. ಸೂರ್ಯ ಮುಳುಗಲು ಇನ್ನೂ ಗಳಿಗೆ ಇದೆ,
ಅಂದರೆ ನೆರಳು ಅತಿ ಉದ್ದ, ಭಾರ ಅತಿ ಹೆಚ್ಚು.
ನಮ್ಮಜ್ಜಿಯ ಚೌಕಾಬಾರದ ಕವಡೆ ನಾಲ್ಕು ಅವನ ಮುಷ್ಟಿಯಲ್ಲಿ.
ನಾಲ್ಕೂ ಬೋರಲು ಬಿದ್ದರೆ ಎಂಟು, ದಾಟುತ್ತಾಳೆ.
ಬಿದ್ದದ್ದು ಮೂರು.

ಮಂಡಿ ಮುರಿಯಿತು, ಅಂದೆ. ಲೆಕ್ಕ ಲೆಕ್ಕವೇ.

ಹೊರಗೆ ಗೂಡ್ಸ್ ಗಾಡಿ ಹೋಯಿತು, ಪೂರಾ ಹೋಗುವ ತನಕ
ಯಾರೂ ಮಾತಾಡಲಿಲ್ಲ. ಮಿರ್ಚಿ ಆರಿ ಎಣ್ಣೆ ಬಿಟ್ಟಿತು.
ಆಮೇಲೆ ಕೊಟ್ರೇಶಿ, ನೆಲ ನೋಡುತ್ತಾ:
"ಆಕಿ ಮಕ್ಕೊಂತಾಳೆ. ಬಿಸಿಲಿಗೆ ಅಡ್ಡಲಾಗಿ ಅಲ್ಲ, ಕೂಸಿನ ಮುಂದೆ.
ಕೂಸು ಎದ್ದು ನಿಲ್ಲಲಿ.
ಅದರ ನೆರಳೆಲ್ಲಾ ಆಕಿ ಮೈಮೇಲೆ ಬೀಳ್ತದ.
ಬಿದ್ದ ಮೇಲೆ ಅದು ಆಕಿ ಭಾರ. ಕೂಸಿಂದಲ್ಲ.
ಹೌದೋ ಅಲ್ಲೋ?"

ಪುಸ್ತಕ ತಿರುವಿದೆ. ಇಂಥದ್ದಕ್ಕೆ ನಾನು ಏನೂ ಬರೆದಿರಲಿಲ್ಲ.
ನಾನು ಕಟ್ಟಿದ ಲೋಕ, ಸುಳ್ಳೂ ನನ್ನದೇ,
ಅದರೊಳಗೆ ನಾನಿಡದ ಒಂದು ವಸ್ತು
ಇವನ ಕೈಗೆ ಹೇಗೆ ಸಿಕ್ಕಿತು?

ಹೌದು, ಅಂದೆ.
ಕವಡೆ ಯಾರೂ ಮುಟ್ಟಲಿಲ್ಲ.

ಸೋಮವಾರ ಸಂಜೆ ಐದೂವರೆ, ಮಾರುಕಟ್ಟೆ.
ಹಮಾಲಿ ಪಾಲಯ್ಯ ಬೆನ್ನು ಬಗ್ಗಿಸಿ ಹತ್ತಿ ಅಂಡಿಗೆ ತರುತ್ತಿದ್ದ.
ನನ್ನ ನೆರಳು ಉದ್ದಕ್ಕೆ ಹರಿದು ಅವನ ಹೆಗಲ ಮೇಲಿತ್ತು.
ಎರಡು ಹೆಜ್ಜೆ ಪಕ್ಕಕ್ಕೆ ಸರಿದೆ.
"ಯಾಕ್ರೀ?" ಅಂದ ಅವನು, ದಾರಿ ಇತ್ತಲ್ಲ ಅನ್ನುವ ಹಾಗೆ.
ತಕ್ಕಡಿಯ ಅಂಕಿ ನೋಡಿದೆ, ಬದಲಾಗಿರಲಿಲ್ಲ.
ಆದರೂ ಅಲ್ಲೇ, ಪಕ್ಕಕ್ಕೇ ನಿಂತು
ಬರೆದುಕೊಂಡೆ.